ಮಾರಾಟಕ್ಕಿರುವ ಅತಿಥಿಗೃಹ

ಬಂದರುಗಳ ಇತಿಹಾಸವನ್ನು ನಾವು ಹಡಗುಗಳ, ಯುದ್ಧಗಳ ಇತಿಹಾಸವೆಂದೇ ಓದುತ್ತೇವೆ. ಬಂದವರು ರಾತ್ರಿ ಎಲ್ಲಿ ತಂಗಿದರು, ಅವರಿಗೆ ಅನ್ನವಿಕ್ಕಿದವರು ಯಾರು ಎಂದು ಕೇಳುವವರು ಕಡಮೆ. ಶ್ರೀಲಂಕೆಯ ದಕ್ಷಿಣ ತೀರದ ಗಾಲೆಯನ್ನು ಈ ಪ್ರಶ್ನೆಯಿಂದಲೇ ನೋಡಬೇಕೆಂದು ನನಗೆ ತೋರುತ್ತದೆ.

ಗಾಲೆ ಬಹುಕಾಲದಿಂದ ಅತಿಥಿಗಳ ಊರು. ಇಬ್ನ್ ಬತೂತ 1344ರಲ್ಲಿ ಇಲ್ಲಿಗೆ ಬಂದಿದ್ದನು. ಚೀನದ ನೌಕಾಧಿಪತಿ ಝೆಂಗ್ ಹೆಯ ಯಾನಕ್ಕೆ ಸೇರಿದ, 1409ರ ತೇದಿಯ ಶಿಲಾಶಾಸನವೊಂದು 1911ರಲ್ಲಿ ಇಲ್ಲಿ ದೊರೆಯಿತು. ಚೀನೀ, ತಮಿಳು, ಪಾರಸಿ ಭಾಷೆಗಳಲ್ಲಿ ಅದು ಬುದ್ಧ, ವಿಷ್ಣು, ಅಲ್ಲಾಹ್ ಮೂವರಿಗೂ ಕಾಣಿಕೆಗಳನ್ನು ಅರ್ಪಿಸುತ್ತದೆ.

1640ರಲ್ಲಿ ಡಚ್ಚರು ಪೋರ್ಚುಗೀಸರಿಂದ ಈ ನೆಲೆಯನ್ನು ಕಸಿದುಕೊಂಡು, 14 ಕೊತ್ತಲಗಳ ಕೋಟೆಯನ್ನು ಬೆಳೆಸಿದರು. 1796ರಲ್ಲಿ ಅದು ಬ್ರಿಟಿಷರ ವಶವಾಯಿತು. ಉಗಿಹಡಗುಗಳು ಕಲ್ಲಿದ್ದಲು ತುಂಬಿಕೊಳ್ಳಲು ಇಲ್ಲಿ ನಿಲ್ಲುತ್ತಿದ್ದವು. 1684ರ ಡಚ್ಚರ ಕಟ್ಟಡವೊಂದು 1860ರ ದಶಕದಲ್ಲಿ ನ್ಯೂ ಓರಿಯಂಟಲ್ ಹೋಟೆಲಾದದ್ದು ಈ ಪ್ರಯಾಣಿಕರಿಗಾಗಿ. ಆದರೆ 1885ರಲ್ಲಿ ಕೊಲಂಬೊ ಬಂದರಿನ ಅಲೆತಡೆಗೋಡೆ ಪೂರ್ಣಗೊಂಡಿತು. ಹಡಗುಗಳು ಅತ್ತ ತಿರುಗಿದವು.

ಈ ನಷ್ಟವೇ ಗಾಲೆಯನ್ನು ಉಳಿಸಿತೆಂದು ನಾನು ತಿಳಿಯುತ್ತೇನೆ. ಹಣವಿದ್ದರೆ ಹಳೆಯ ಮನೆಗಳನ್ನು ಕೆಡವಿ ಹೊಸತು ಕಟ್ಟುತ್ತಿದ್ದರು. ಹವಳಗಲ್ಲು, ಸುಣ್ಣದ ದಪ್ಪ ಗೋಡೆಗಳು, ಬೀದಿಗೆ ತೆರೆದ ಜಗಲಿ, ನಡುವೆ ಅಂಗಳ—ಇಂಥ ಮನೆಗಳಲ್ಲಿ ಮುಸ್ಲಿಂ ವರ್ತಕರು, ಸಿಂಹಳರು, ಬರ್ಗರ್ ಜನರು ನೆರೆಹೊರೆಯಾಗಿ ಬಾಳಿದರು. ಮುಂದೆ ಪ್ರವಾಸಿಗಳು ಬರತೊಡಗಿದಾಗ ಎರಡು ಮೂರು ಕೋಣೆಗಳನ್ನು ಅವರಿಗೆ ಬಿಟ್ಟುಕೊಟ್ಟು ಮನೆಗಳೇ ಅತಿಥಿಗೃಹಗಳಾದವು. ಅತಿಥಿ ಒಂದು ಕೋಣೆಯಲ್ಲಿ, ಅಜ್ಜಿ ಪಕ್ಕದ ಕೋಣೆಯಲ್ಲಿ.

1988ರಲ್ಲಿ ಕೋಟೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2004ರ ಡಿಸೆಂಬರ್ 26ರಂದು ಸುನಾಮಿ ಹೊರಗಿನ ನಗರವನ್ನು ಧ್ವಂಸಮಾಡಿದಾಗ ಡಚ್ಚರ ಗೋಡೆಗಳು ಒಳಗಿನವರನ್ನು ಬಹುಮಟ್ಟಿಗೆ ಕಾಪಾಡಿದವು. ಆದರೆ ಅದೇ ವರ್ಷಗಳಲ್ಲಿ ಬೇರೊಂದು ಅಲೆ ಒಳನುಗ್ಗಿತು; ಅದು ಬೆಲೆಯ ಅಲೆ. ಹೊರನಾಡಿನ ಸಿರಿವಂತರು ಮನೆಗಳನ್ನು ಕೊಂಡರು. 2014ರ ಕಾನೂನು ವಿದೇಶೀಯರಿಗೆ ಭೂಮಿ ಪರಭಾರೆಯಾಗುವುದನ್ನು ನಿರ್ಬಂಧಿಸಿದರೂ ಗುತ್ತಿಗೆಯ ದಾರಿ ಉಳಿಯಿತು.

ಅಲ್ಲಿ ಓಡಾಡುವಾಗ ಒಂದು ಚಿಕ್ಕ ಅತಿಥಿಗೃಹದ ಬಾಗಿಲಲ್ಲಿ ಮಾರಾಟದ ಫಲಕವನ್ನು ಕಂಡೆ. ಮಾರುವವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಉಪ್ಪುಗಾಳಿ ತಿನ್ನುವ ಮಾಡನ್ನು ಪದೇ ಪದೇ ದುರಸ್ತಿ ಮಾಡಿಸಬೇಕು, ದಾಯಾದಿಗಳಿಗೆ ಪಾಲು ಕೊಡಬೇಕು, ಮಕ್ಕಳನ್ನು ಓದಿಸಬೇಕು. ಒಂದು ಮನೆಯ ಬೆಲೆಯಲ್ಲಿ ಇವೆಲ್ಲವೂ ನಡೆದುಹೋಗುತ್ತವೆ.

ಆದರೆ ಪರಂಪರೆಯ ನಿಯಮಗಳು ಗೋಡೆ, ಕಂಬ, ಹೆಂಚುಗಳನ್ನು ಕಾಯುತ್ತವೆಯೇ ಹೊರತು ಒಲೆಯನ್ನು ಕಾಯುವುದಿಲ್ಲ. ಕೊಂಡವರು ಜಗಲಿಯನ್ನು ಇದ್ದಂತೆಯೇ ಉಳಿಸಿಯಾರು. ಅದರ ಮೇಲೆ ಕೂತು ನೆರೆಯವನನ್ನು ಕರೆಯುವವರು ಇರಲಾರರು. ಮನೆಗೆ ಕೊಡುವ ಗೌರವದಲ್ಲಿ ಒಂದು ಪಾಲು ಮನೆಯವರಿಗೂ ಸಲ್ಲಬೇಕು. ಮಾಡಿನ ದುರಸ್ತಿಗೆ ಸುಲಭದ ಸಾಲವಾದರೂ ಅವರಿಗೆ ದೊರೆಯಬೇಕು. ಆತಿಥ್ಯಕ್ಕೆ ಅತಿಥಿ ಎಷ್ಟು ಅಗತ್ಯವೋ ಮನೆಯವರೂ ಅಷ್ಟೇ ಅಗತ್ಯ. ಅತಿಥಿಗಳು ಮಾತ್ರ ಉಳಿದ ಊರಿನಲ್ಲಿ ಬಂದವರನ್ನು ಬರಮಾಡಿಕೊಳ್ಳುವವರು ಯಾರು?