ಹೊಗೇನಕಲ್ ತೆಪ್ಪ

ತಮಿಳುನಾಡಿನ ಧರ್ಮಪುರಿ, ಸೇಲಂ ಜಿಲ್ಲೆಗಳನ್ನು ಹಾದುಹೋಗುವ ಕಾವೇರಿಯಲ್ಲಿ ಬಳಕೆಯಲ್ಲಿರುವ ದುಂಡನೆಯ ಬಿದಿರು ದೋಣಿ. ತಮಿಳಿನಲ್ಲಿ ಪರಿಸಲ್, ಕನ್ನಡದಲ್ಲಿ ಕಾವೇರಿಯ ಕಡೆ ತೆಪ್ಪ, ತುಂಗಭದ್ರೆಯ ಕಡೆ ಹರಿಗೋಲು. ಹೊಗೇನಕಲ್ಲಿನಲ್ಲಿ ಹೊಳೆಯ ಆಚೆ ದಡ ಚಾಮರಾಜನಗರ ಜಿಲ್ಲೆಯದು. 1956ರ ನವೆಂಬರ್ 1ರವರೆಗೆ ಆ ದಡದ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಚೆ ದಡ ಸೇಲಂ ಜಿಲ್ಲೆಯಲ್ಲಿದ್ದು, 1965ರಲ್ಲಿ ಧರ್ಮಪುರಿ ಬೇರೆ ಜಿಲ್ಲೆಯಾಯಿತು. ಗಡಿಗೆರೆ ಎಷ್ಟು ಸಲ ಬದಲಾದರೂ ಎರಡೂ ದಡದವರ ದೋಣಿ ಒಂದೇ.

ಇಂಥ ದೋಣಿ ಬಹಳ ಹಳೆಯದು. ಯೂಫ್ರೆಟಿಸ್ ನದಿಯಲ್ಲಿ ಓಡುತ್ತಿದ್ದ ಚರ್ಮದ ದುಂಡು ದೋಣಿಗಳನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ವರ್ಣಿಸಿದ್ದಾನೆ. ದಕ್ಷಿಣ ಭಾರತದ ಮಟ್ಟಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರಲ್ಲಿ ಕೊಟ್ಟ ವಿವರಣೆ ಅಮೂಲ್ಯವಾದದ್ದು. ವಿಜಯನಗರದ ಬಳಿ ತುಂಗಭದ್ರೆಯನ್ನು ದಾಟಿಸುತ್ತಿದ್ದ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆಯಿದ್ದ ಬುಟ್ಟಿದೋಣಿಗಳನ್ನು ಅವನು ಕಂಡ; ಅವು ಹದಿನೈದು ಇಪ್ಪತ್ತು ಜನರನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ಹೊರುತ್ತಿದ್ದವು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿ ತನ್ನ ಸೈನ್ಯ ಹೊಳೆ ದಾಟಲು ಬುಟ್ಟಿದೋಣಿಗಳನ್ನೇ ಮಾಡಿಸಿದ. ಮದರಾಸಿನಲ್ಲಿ ಮೀನುಗಾರಿಕೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ 1933ರಲ್ಲಿ ದಕ್ಷಿಣ ಭಾರತದ ಈ ದೋಣಿಗಳ ಮೇಲೆ ಪ್ರಬಂಧ ಬರೆದರು.

ತೆಪ್ಪದ ಅಡ್ಡಳತೆ ಸಾಮಾನ್ಯವಾಗಿ ಆರೇಳು ಅಡಿ. ಸೀಳಿದ ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹಾಸಿ ತಳ ಹೆಣೆದು, ತುದಿಗಳನ್ನು ಮೇಲಕ್ಕೆ ಬಾಗಿಸಿ ಅಂಚು ಕಟ್ಟುತ್ತಾರೆ. ಕೈ ಪಳಗಿದವರು ಸೇರಿದರೆ ಒಂದೇ ದಿನದಲ್ಲಿ ಚೌಕಟ್ಟು ಮುಗಿಯುತ್ತದೆ. ಕಂಜಮಲೆಯ ಅದಿರಿಗೂ ಉಕ್ಕಿಗೂ ಹೆಸರಾದ ಸೇಲಂ ಸೀಮೆಯ ದೋಣಿ ಇದು. ಆದರೂ ಇದನ್ನು ಹಿಡಿದು ನಿಲ್ಲಿಸಿರುವುದು ಕಬ್ಬಿಣವಲ್ಲ, ಹೆಣಿಗೆ. ಹಾಗಾಗಿ ತುಕ್ಕಿನ ಭಯವಿಲ್ಲ, ಕೊಳೆಯುವ ಭಯವಿದೆ. ತೆಪ್ಪದ ಇತಿಹಾಸದಲ್ಲಿ ನಿಜವಾಗಿ ಬದಲಾದದ್ದು ಈ ಕೊಳೆತವನ್ನು ತಡೆಯುವ ಬಗೆ ಮಾತ್ರ.

ಮೊದಲು ಹೊದಿಕೆ ದನ, ಎಮ್ಮೆಗಳ ಚರ್ಮದ್ದು. ನೀರಿನಲ್ಲೇ ಬಿಟ್ಟರೆ ಚರ್ಮ ಮೆತ್ತಗಾಗಿ ಕೊಳೆಯುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ತೆಪ್ಪವನ್ನು ದಡಕ್ಕೆ ಹೊತ್ತು ಬೋರಲು ಹಾಕಿ ಒಣಗಿಸಬೇಕಿತ್ತು. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಗೋಣಿಯಂತೆ ನೇಯ್ದ ಪ್ಲಾಸ್ಟಿಕ್ ಚೀಲಗಳು ಬಂದಿವೆ. ಅವನ್ನು ಹೊಲಿದು ಚೌಕಟ್ಟಿಗೆ ಬಿಗಿದು, ಮೇಲೆ ಕಾಯಿಸಿದ ಡಾಂಬರು ಬಳಿಯುತ್ತಾರೆ. ಬಂಡೆಗೆ ಉಜ್ಜಿ ಹರಿದಲ್ಲಿ ತೇಪೆ ಹಾಕಿ ಮತ್ತೆ ಡಾಂಬರು. ಬೋರಲು ಹಾಕುವ ರೂಢಿ ಮಾತ್ರ ಹೋಗಿಲ್ಲ, ಹೋಗಲೂಬಾರದು: ಒಳಗೆ ನಿಂತ ನೀರು ಬಿದಿರನ್ನು ಕೊಳೆಸುತ್ತದೆ.

ಬಂಡೆಗಳ ನಡುವೆ ನುಗ್ಗುವ ಈ ಹರಿವಿಗೆ ಯಂತ್ರದೋಣಿ ಒಗ್ಗುವುದಿಲ್ಲ. ಅದರ ಪ್ರೊಪೆಲ್ಲರ್ ನೀರಿನಾಳದಲ್ಲಿ ತಿರುಗಬೇಕು. ಬಂಡೆಗೆ ತಗುಲಿದರೆ ಅಲಗು ಬಾಗುತ್ತದೆ, ಶಾಫ್ಟ್ ಡೊಂಕಾಗುತ್ತದೆ.     ತೆಪ್ಪಕ್ಕೆ ಕೆಲವೇ ಅಂಗುಲ ನೀರು, ಒಂದು ಹುಟ್ಟು ಸಾಕು. ಆದರೆ ತಳದಲ್ಲಿ ಏಣಿಲ್ಲದ ಕಾರಣ ಅದು ಗಿರಗಿರ ತಿರುಗಲು ಕಾದಿರುತ್ತದೆ. ಅಂಬಿಗ ಮುಂದೆ ಕೂತು, ನೀರನ್ನು ತನ್ನತ್ತ ಎಳೆದುಕೊಳ್ಳುತ್ತ, ಎಡಕ್ಕೂ ಬಲಕ್ಕೂ ಹುಟ್ಟು ಬದಲಿಸುತ್ತ ಅದನ್ನು ನೇರ ಇಡುತ್ತಾನೆ. ಇದು ವರ್ಷಗಟ್ಟಲೆ ಹೊಳೆಯಲ್ಲೇ ಕಲಿಯಬೇಕಾದ ವಿದ್ಯೆ.

1925ರಲ್ಲಿ ಶುರುವಾಗಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಹೊಗೇನಕಲ್ಲಿನ ಕೆಳಗಿನ ಹೊಳೆಯನ್ನು ಅಗಲವಾದ ಜಲಾಶಯವಾಗಿಸಿತು. ಅಲ್ಲಿ ತೆಪ್ಪ ಮೀನುಗಾರರ ಕೈಗೆ ಬಂತು. ಹೊಗೇನಕಲ್ಲಿನಲ್ಲಿ ಇಂದು ತೆಪ್ಪದವರ ಮುಖ್ಯ ಗಳಿಕೆ ಪ್ರವಾಸಿಗರಿಂದ. ಕರ್ನಾಟಕದ ಜಲಾಶಯಗಳಿಂದ ಹೆಚ್ಚು ನೀರು ಬಿಟ್ಟಾಗ ಧರ್ಮಪುರಿ ಜಿಲ್ಲಾಡಳಿತ ತೆಪ್ಪ ಓಡಿಸುವುದನ್ನು ನಿಷೇಧಿಸುತ್ತದೆ; ಹೊಳೆ ಇಳಿಯುವವರೆಗೆ ಆ ಮನೆಗಳಿಗೆ ಸಂಪಾದನೆಯಿಲ್ಲ.