ಬೆಂಕಿಗೂ ಲೆಕ್ಕ ಹಾಕಿದ ಮೇಷ್ಟ್ರು (ಭಾಗ 6)

ಸ್ವೈಪ್ ಮಾಡೋ ಮೊದಲು ಒಂದು ಪ್ರಶ್ನೆ. ರೂಮಿನ ಒಂದು ಮೂಲೆಯಲ್ಲಿ ಹಾಸಿಗೆಗೆ ಬೆಂಕಿ ಹತ್ತಿದೆ. ಎದುರು ಮೂಲೆಯ ಮೇಜಿಗೆ ಒಂದು ಕಿಡಿಯೂ ತಾಗಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಆ ಮೇಜೂ ಭಗ್ ಅಂತ ಹೊತ್ಕೊಳ್ಳುತ್ತೆ. ಹೇಗೆ?

ಇಂಥ ಪ್ರಶ್ನೆಗಳಿಗೆ ಸಮೀಕರಣದಲ್ಲಿ ಉತ್ತರ ಹುಡುಕಿದವರು ಹೊವಾರ್ಡ್ ಎಮನ್ಸ್. 1912ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದವರು. 1940ರಿಂದ ಹಾರ್ವರ್ಡ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡ್ತಿದ್ದರು. 1942ರ ನವೆಂಬರ್‌ನಲ್ಲಿ, ಅವರ ಕ್ಯಾಂಪಸ್ಸಿನಿಂದ ಹೊಳೆ ದಾಟಿದರೆ ಸಿಗೋ ಬಾಸ್ಟನ್ ಊರಲ್ಲಿ, ಕೋಕೋನಟ್ ಗ್ರೋವ್ ಅನ್ನೋ ನೈಟ್‌ಕ್ಲಬ್ ಸುಟ್ಟು 492 ಜನ ಸತ್ತರು. ಮುಂಬಾಗಿಲು ಗಿರಗಿರ ತಿರುಗೋ ಬಾಗಿಲು. ಜನ ಒಟ್ಟಿಗೆ ನುಗ್ಗಿದಾಗ ಅದು ಸಿಕ್ಕಿಹಾಕಿಕೊಂಡಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ.

ಎಮನ್ಸ್ ಆಗಿನ್ನೂ ಬೆಂಕಿಯ ಮನುಷ್ಯ ಅಲ್ಲ. ಗಾಳಿ, ನೀರು ಹರಿಯೋ ರೀತಿ ಅವರ ವಿಷಯ. ಆಮೇಲೆ ಎಂಐಟಿಯ ಹಾಟೆಲ್ ಅನ್ನೋ ಇನ್ನೊಬ್ಬ ಪ್ರೊಫೆಸರ್ ಅವರನ್ನ ಬೆಂಕಿಯ ಕಡೆ ಎಳೆದರು. ಆ ಕಾಲಕ್ಕೆ ದಹನಶಾಸ್ತ್ರ ಅಂದರೆ ಎಂಜಿನ್, ರಾಕೆಟ್. ಮನೆ ಸುಡೋದು ಫೈರ್ ಬ್ರಿಗೇಡಿನವರ ತಲೆನೋವು, ಅಷ್ಟೇ! 1956ರಲ್ಲಿ ಎಮನ್ಸ್, ದ್ರವ ಇಂಧನದ ಮೇಲೆ ಗಾಳಿ ಹಾದುಹೋಗುವಾಗ ಅದು ಎಷ್ಟು ವೇಗದಲ್ಲಿ ಉರಿಯುತ್ತೆ ಅಂತ ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕಕ್ಕೆ ಇವತ್ತಿಗೂ ಅವರದೇ ಹೆಸರು.

ಈಗ ಎರಡನೇ ಚಿತ್ರ ನೋಡಿ (ಸ್ಕೆಚ್ ನಂದೇ, ನಗಬೇಡಿ). 1967ರಲ್ಲಿ ಯಿಂಗ್ ಅವರ ಜೊತೆ ಪ್ರಕಟಿಸಿದ ಪ್ರಯೋಗ ಇದು. ಉರಿಯೋ ಅಸಿಟೋನ್ ತಟ್ಟೆಯ ಸುತ್ತ ತಂತಿ ಬಲೆಯ ಉರುಳೆ ಇಟ್ಟು ತಿರುಗಿಸಿದರು. ಜೋಲಾಡ್ತಿದ್ದ ಉರಿ ಸಪೂರ ಆಗಿ ಕಂಬದ ಹಾಗೆ ಮೇಲೆದ್ದಿತು. ಸುತ್ತುವ ಗಾಳಿ ಪಕ್ಕದಿಂದ ಒಳಗೆ ಬೆರೆಯೋದು ಕಷ್ಟ. ಹಾಗಾಗಿ ಉರಿ ಗಾಳಿ ಹುಡುಕ್ಕೊಂಡು ಮೇಲೆ ಮೇಲೆ ಹೋಗುತ್ತೆ, ಕೆಳಗೆ ಇಂಧನವೂ ಬೇಗ ಖರ್ಚಾಗುತ್ತೆ. ಇದು ಆಟ ಅಲ್ಲ. 1923ರ ಟೋಕಿಯೋ ಭೂಕಂಪದ ದಿನ ಹೊಂಜೊ ಬಯಲಲ್ಲಿ ಆಶ್ರಯ ಪಡೆದ ಸುಮಾರು 38,000 ಜನರನ್ನ ಕೊಂದಿದ್ದು ಇಂಥದೇ ಬೆಂಕಿ ಸುಳಿ.

1970ರ ದಶಕದ ಶುರುವಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 12,000 ಜನ ಬೆಂಕಿಗೆ ಬಲಿಯಾಗ್ತಿದ್ದಾರೆ ಅಂತ ಸರ್ಕಾರಿ ಆಯೋಗವೇ ಹೇಳಿತು. ಅದೇ ಹೊತ್ತಿಗೆ ಎಮನ್ಸ್, ಫ್ಯಾಕ್ಟರಿ ಮ್ಯೂಚುವಲ್ ಅನ್ನೋ ವಿಮಾ ಸಂಸ್ಥೆಯ ಸಂಶೋಧಕರ ಜೊತೆ ಸೇರಿ ಮನೆ ಬೆಂಕಿಯ ಹಿಂದೆ ಬಿದ್ದರು. ಪೂರ್ತಿ ಬೆಡ್‌ರೂಮ್ ಕಟ್ಟಿ, ಫೋಮ್ ಹಾಸಿಗೆ ಹಾಕಿ, ಎಲ್ಲ ಕಡೆ ಉಷ್ಣಮಾಪಕ ಸಿಗಿಸಿ ಸುಟ್ಟರು. ನನಗೆ ಅವರ ಇಡೀ ಕೆಲಸದಲ್ಲಿ ಅತಿ ಇಷ್ಟ ಆದದ್ದು ಇದೇ.

ಮೇಜಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಿಸಿ ಹೊಗೆ ಸೂರಿನ ಕೆಳಗೆ ದಪ್ಪ ಪದರವಾಗಿ ಶೇಖರ ಆಗುತ್ತೆ. ಅದರ ಬಿಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟೋ ಹೊತ್ತಿಗೆ, ಕೆಳಗಿರೋ ವಸ್ತುಗಳೆಲ್ಲ ಮೇಲಿನ ಝಳಕ್ಕೇ ಹೆಚ್ಚುಕಮ್ಮಿ ಒಟ್ಟಿಗೆ ಹೊತ್ತಿಕೊಳ್ತವೆ. ಇದಕ್ಕೆ ಫ್ಲ್ಯಾಶ್‌ಓವರ್ ಅಂತ ಹೆಸರು. ಆ ಕ್ಷಣಕ್ಕೆ ರೂಮಲ್ಲಿ ಇರೋರು ಬದುಕೋದು ಹೆಚ್ಚುಕಡಿಮೆ ಅಸಾಧ್ಯ. ಎಮನ್ಸ್ ಮತ್ತು ಮಿಟ್ಲರ್ ರೂಮನ್ನ ಮೇಲಿನ ಬಿಸಿ ಪದರ, ಕೆಳಗಿನ ತಣ್ಣನೆ ಪದರ ಅಂತ ಎರಡಾಗಿ ಇಟ್ಟುಕೊಂಡು, ಬಾಗಿಲಿಂದ ಎಷ್ಟು ಗಾಳಿ ಒಳಗೆ, ಎಷ್ಟು ಹೊಗೆ ಹೊರಗೆ ಅಂತ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಮನೆ ಸುಡದೇ ಬೆಂಕಿ ನೋಡೋ ದಾರಿ ಅದು.

1983ರಲ್ಲಿ ನಿವೃತ್ತಿ, 1998ರಲ್ಲಿ ನಿಧನ.

ಮುಂದಿನ ಭಾಗ ಸ್ಪ್ರಿಂಕ್ಲರ್ ಬಗ್ಗೆ. ಅಷ್ಟರಲ್ಲಿ ನಿಮ್ಮ ಹಾಸ್ಟೆಲಿನ ಹಿಂಬಾಗಿಲಿಗೆ ರಾತ್ರಿ ಬೀಗ ಹಾಕ್ತಾರಾ, ಕೀ ಯಾರ ಹತ್ರ ಇರುತ್ತೆ, ನೋಡಿ ಕೆಳಗೆ ಬರೀರಿ.