ಕೆಂಪಾಗದ ಕಣ್ಣು: ಸಿಎಂವಿ ರೆಟಿನೈಟಿಸ್ ಪತ್ತೆಯ ಚರಿತ್ರೆ

ಕಣ್ಣು ಬಂದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಕೆಂಪು, ಉರಿ, ಪಿಸುರು ಎದ್ದು ಕಾಣುತ್ತವೆ. ಈ ಗಲಾಟೆಯ ಬಹುಪಾಲನ್ನು ಎಬ್ಬಿಸುವುದು ರೋಗಾಣುವಿನೊಡನೆ ಕಾದಾಡುವ ನಮ್ಮ ದೇಹವೇ. ಏಡ್ಸ್ ರೋಗಿಗಳು, ಕಿಡ್ನಿ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವವರಲ್ಲಿ ಆ ಕಾದಾಟದ ಶಕ್ತಿಯೇ ಕುಂದಿರುತ್ತದೆ. ಆದ್ದರಿಂದ ಸೈಟೊಮೆಗಾಲೊ ವೈರಸ್, ಅಂದರೆ ಸಿಎಂವಿ, ಅವರ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾವನ್ನು ತಿನ್ನುತ್ತಿದ್ದರೂ ಕಣ್ಣು ಹೊರಗೆ ಬೆಳ್ಳಗೇ ಇರುತ್ತದೆ, ನೋವೂ ಇರುವುದಿಲ್ಲ. ಸಿಎಂವಿ ರೆಟಿನೈಟಿಸ್ ಎಂಬ ಈ ರೋಗದ ಪತ್ತೆಯ ಚರಿತ್ರೆಯನ್ನು ಬೆಳೆಸಿದ್ದು ಈ ಮೌನವೇ ಎಂಬುದು ನನ್ನ ವಾದ.

ವೈರಸ್ ಸಿಗುವ ಮೊದಲೇ ಅದರ ಗುರುತು ಸಿಕ್ಕಿತ್ತು. ಸತ್ತ ಶಿಶುಗಳ ಅಂಗಾಂಶದಲ್ಲಿ ಊದಿಕೊಂಡ ಕೋಶಗಳು, ಅವುಗಳೊಳಗೆ ಗೂಬೆಯ ಕಣ್ಣಿನಂಥ ಕಪ್ಪು ಚುಕ್ಕೆ. 1921ರಲ್ಲಿ ಗುಡ್‌ಪಾಶ್ಚರ್ ಮತ್ತು ಟಾಲ್ಬಟ್ ಇದಕ್ಕೆ ಸೈಟೊಮೆಗಾಲಿಯಾ ಎಂದು ಹೆಸರಿಟ್ಟರು. 1950ರ ದಶಕದಲ್ಲಿ ಸ್ಮಿತ್, ರೋ ಮತ್ತು ವೆಲ್ಲರ್ ತಂತಮ್ಮ ಪ್ರಯೋಗಾಲಯಗಳಲ್ಲಿ ಬೇರೆಬೇರೆಯಾಗಿ ವೈರಸ್ಸನ್ನು ಬೆಳೆಸಿದರು.

1981ರ ಜೂನ್ 5ರಂದು ಲಾಸ್ ಏಂಜಲೀಸ್‌ನ ಐವರು ಯುವಕರ ಅಪರೂಪದ ನ್ಯುಮೋನಿಯಾ ಕುರಿತು ವರದಿ ಹೊರಬಂತು. ಐವರಲ್ಲೂ ಸಿಎಂವಿ ಸೋಂಕಿನ ಸುಳಿವಿತ್ತು. ಮರುವರ್ಷವೇ ಅದೇ ಊರಿನ ಗ್ಯಾರಿ ಹಾಲಂಡ್ ಮತ್ತು ಸಂಗಡಿಗರು ಮುಂದೆ ಏಡ್ಸ್ ಎನಿಸಿಕೊಂಡ ಈ ಹೊಸ ರೋಗ ಕಣ್ಣಿಗೆ ಮಾಡುವ ಹಾನಿಯನ್ನು ದಾಖಲಿಸಿದರು. ಎಚ್‌ಐವಿಯ ಪರಿಣಾಮಕಾರಿ ಸಂಯುಕ್ತ ಔಷಧಗಳು ಬಂದ 1996ಕ್ಕೆ ಮುಂಚೆ ಏಡ್ಸ್ ರೋಗಿಗಳಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ಸಿಎಂವಿಯ ಈ ರೆಟಿನಾ ಸೋಂಕು ತಗಲುತ್ತಿತ್ತು. ಅವರಲ್ಲಿ ಹೆಚ್ಚಿನವರ ಸಿಡಿ4 (ರೋಗನಿರೋಧಕ ಕೋಶಗಳ) ಎಣಿಕೆ 50ಕ್ಕಿಂತ ಕೆಳಗಿರುತ್ತಿತ್ತು.

ಪತ್ತೆಯ ಸಾಧನ ಮಾತ್ರ ಹಳೆಯದು. ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ಆಫ್ತಾಲ್ಮೋಸ್ಕೋಪ್ ರೆಟಿನಾದ ನಡುಭಾಗವನ್ನಷ್ಟೇ ಚೆನ್ನಾಗಿ ತೋರಿಸುತ್ತದೆ. ಸಿಎಂವಿ ಎಷ್ಟೋ ಸಲ ಅಂಚಿನಿಂದ ಹೊರಡುತ್ತದೆ. 1940ರ ದಶಕದಲ್ಲಿ ಶಾರ್ಲ್ ಶೆಪೆನ್ಸ್ ರೂಪಿಸಿದ, ತಲೆಗೆ ಕಟ್ಟಿಕೊಳ್ಳುವ ಇನ್‌ಡೈರೆಕ್ಟ್ ಉಪಕರಣ ಇಲ್ಲಿ ನೆರವಿಗೆ ಬಂತು. ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗುವವರೆಗೆ ಕಾಯಿಸಿ, ರೋಗಿಯನ್ನು ಮಲಗಿಸಿ, ಕೈಯಲ್ಲೊಂದು ಲೆನ್ಸ್ ಹಿಡಿದು ವೈದ್ಯರು ಬಗ್ಗಿ ನೋಡುತ್ತಾರೆ. ರಕ್ತನಾಳದ ಗುಂಟ ಬಿಳಿಹಳದಿ ಮಚ್ಚೆ, ಅದರ ಮೇಲೆ ರಕ್ತದ ಕಲೆಗಳು. ಪಾಶ್ಚಾತ್ಯ ಪಠ್ಯಗಳು ಇದನ್ನು ಪಿಜ್ಜಾಕ್ಕೆ ಹೋಲಿಸುತ್ತವೆ. ನಮ್ಮವರಿಗೆ ಮೊಸರನ್ನದ ಮೇಲೆ ಉದುರಿಸಿದ ದಾಳಿಂಬೆ ಕಾಳು ಎಂದರೆ ಬೇಗ ತಿಳಿದೀತು.

ನೋಟ ಸಾಲದ ಕಡೆ ಪ್ರಯೋಗಾಲಯ ಬೇಕಾಯಿತು. 1954ರಲ್ಲಿ ಗೋಲ್ಡ್‌ಮನ್ ಮತ್ತು ವಿಟ್ಮರ್, ಕಣ್ಣೊಳಗಿನ ಪ್ರತಿಕಾಯವನ್ನು ರಕ್ತದಲ್ಲಿರುವ ಪ್ರತಿಕಾಯದೊಂದಿಗೆ ಹೋಲಿಸುವ ವಿಧಾನ ಕೊಟ್ಟಿದ್ದರು. ಜಾಣತನದ ಪರೀಕ್ಷೆ, ಆದರೆ ಪ್ರತಿಕಾಯ ತಯಾರಿಸಲು ತ್ರಾಣವಿಲ್ಲದ ದೇಹದಲ್ಲಿ ಅದನ್ನು ನೆಚ್ಚುವಂತಿಲ್ಲ. 1983ರಲ್ಲಿ ಕ್ಯಾರಿ ಮುಲ್ಲಿಸ್ ಕಂಡುಕೊಂಡ ಪಿಸಿಆರ್ ದೇಹದ ಉತ್ತರಕ್ಕೆ ಕಾಯದೆ ವೈರಸ್ಸಿನ ಡಿಎನ್‌ಎಯನ್ನೇ ಹುಡುಕುತ್ತದೆ. 1990ರ ದಶಕದಲ್ಲಿ ಅದು ಕಣ್ಣಿನ ದ್ರವಕ್ಕೂ ಬಂತು. ಸಣ್ಣ ಸೂಜಿಯಲ್ಲಿ ತೆಗೆದ 0.1 ಮಿ.ಲೀ. ಸಾಕಾಗುತ್ತದೆ. 1990ರಲ್ಲಿ ಏಡ್ಸ್ ರೋಗಿಗಳಲ್ಲಿ ಗುರುತಿಸಲಾದ ಇನ್ನೊಂದು ಸೋಂಕು, ಯಾವ ವೈರಸ್ಸೆಂದು ಪಿಸಿಆರ್‌ನಿಂದ ಖಚಿತಪಡಿಸಿಕೊಳ್ಳುವ ಅಗತ್ಯವನ್ನು ತೋರಿಸಿತು. ಸರ್ಪಸುತ್ತಿನ ವೈರಸ್ಸಿನ ಆ ಸೋಂಕು ಕೆಲವೇ ದಿನಗಳಲ್ಲಿ ರೆಟಿನಾವನ್ನು ಕೊಲ್ಲುತ್ತದೆ. ಸರ್ಪಸುತ್ತಿನ ವೈರಸ್ಸಿಗೆ ಕೊಡುವ ಅಸೈಕ್ಲೊವಿರ್ ಸಿಎಂವಿಯ ಮೇಲೆ ಹೆಚ್ಚು ನಡೆಯದು.

ಭಾರತದಲ್ಲಿ ಎಚ್‌ಐವಿಯನ್ನು ಮೊದಲು ಪತ್ತೆ ಮಾಡಿದ್ದು 1986ರಲ್ಲಿ, ಚೆನ್ನೈನ ಸುನೀತಿ ಸಾಲೊಮನ್ ಮತ್ತು ನಿರ್ಮಲಾ. ಏಡ್ಸ್ ರೋಗಿಗಳ ಕಣ್ಣಿನ ತೊಂದರೆಯ ಮೊದಲ ಎರಡು ಭಾರತೀಯ ಪ್ರಕರಣಗಳನ್ನು 1995ರಲ್ಲಿ ವರದಿ ಮಾಡಿದ್ದೂ ಅದೇ ನಗರದ ಶಂಕರ ನೇತ್ರಾಲಯದ ಜ್ಯೋತಿರ್ಮಯ್ ಬಿಸ್ವಾಸ್ ಅವರ ತಂಡ. 2004ರ ಏಪ್ರಿಲ್‌ನಿಂದ ಕರ್ನಾಟಕವೂ ಸೇರಿ ಹೆಚ್ಚು ಸೋಂಕಿದ್ದ ಆರು ರಾಜ್ಯಗಳಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಉಚಿತವಾಗಿ ಸಿಗತೊಡಗಿತು.

ಮಾತ್ರೆಯಿಂದ ಶಕ್ತಿ ಮರಳಿದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು: ಕೆಲವರಲ್ಲಿ ಅಷ್ಟು ದಿನ ಸುಮ್ಮನಿದ್ದ ಕಣ್ಣು ಈಗ ಉರಿಯೂತದಿಂದ ಬಾಧೆಪಡತೊಡಗಿತು. ಮರಳಿ ಬಂದ ಸೈನ್ಯ ಹಳೆಯ ರಣರಂಗಕ್ಕೆ ನುಗ್ಗಿದಂತೆ. ಮೊದಲಿನ ಮೌನ ಎಲ್ಲಿಂದ ಬಂದಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ.

2007ರಲ್ಲಿ ಡೇವಿಡ್ ಹೈಡನ್ ಮತ್ತು ಸಂಗಡಿಗರು ಸಿಎಂವಿ ರೆಟಿನೈಟಿಸನ್ನು ಏಡ್ಸ್ ಪಿಡುಗಿನ ಕಡೆಗಣಿತ ರೋಗ ಎಂದು ಕರೆದು, ಎಚ್‌ಐವಿ ನೋಡಿಕೊಳ್ಳುವ ವೈದ್ಯರಿಗೇ ಕಣ್ಣು ನೋಡುವುದನ್ನು ಕಲಿಸಬೇಕೆಂದರು. ನನ್ನ ಬಿನ್ನಹವೂ ಅದೇ ದಿಕ್ಕಿನದು. ಸಿಡಿ4 ಎಣಿಕೆ 100ಕ್ಕಿಂತ ಕೆಳಗಿಳಿದವರು ಯಾರೇ ಇರಲಿ, ಕಣ್ಣು ಕೆಂಪಾಗಲೆಂದು ಕಾಯದೆ, ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ.